ಅಕ್ಕನ ಮಗನಿಗೆ ‘ಸಿಂಬಾಲಿಕ್’ ಕೇಳಿಸಿದ ದಿನ

ಅಕ್ಕನ ಮಗ ಟ್ಯಾಂಪಾದ ಸೌತ್ ಫ್ಲೋರಿಡಾ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ರಜೆ ಸಿಕ್ಕಾಗ ನಮ್ಮ ಮನೆಗೆ ಬರುತ್ತಾನೆ, ಭಾನುವಾರ ಊಟ ಮುಗಿಸಿಕೊಂಡು ನಾನೇ ಕಾರಲ್ಲಿ ಬಿಟ್ಟು ಬರುತ್ತೇನೆ. ನಾವಿರುವುದು ಓರ್ಲ್ಯಾಂಡೊ ಪಕ್ಕದ ಆಲ್ಟಮಾಂಟ್ ಸ್ಪ್ರಿಂಗ್ಸ್‌ನಲ್ಲಿ. ನೆಂಟರಿಗೆಲ್ಲ ಇದು ಡಿಸ್ನಿಗೆ ಹತ್ತಿರದ ಊರು. ನನಗೆ ಮಾತ್ರ ಡೆತ್ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತದ ಗಿಟಾರಿಸ್ಟ್, ಗಾಯಕ ಚಕ್ ಶುಲ್ಡಿನರ್ ಬೆಳೆದ ಊರು. 1983ರಲ್ಲಿ, ಇನ್ನೂ ಹೈಸ್ಕೂಲ್ ಹುಡುಗ, ಇಲ್ಲೇ ಮ್ಯಾಂಟಾಸ್ ಅಂತ ಒಂದು ಬ್ಯಾಂಡ್ ಕಟ್ಟಿದ. ಮರುವರ್ಷ ಅದರ ಹೆಸರು ಡೆತ್ ಅಂತ ಆಯಿತು.

ಮೊನ್ನೆ ಹೋಗುವಾಗ ದಾರಿಯಲ್ಲಿ ಡೆತ್‌ನ ‘ಸಿಂಬಾಲಿಕ್’ ಹಾಕಿದೆ. 1995ರ ಆಲ್ಬಂ, 9 ಹಾಡು, ಸುಮಾರು 50 ನಿಮಿಷ. ರೆಕಾರ್ಡ್ ಆಗಿದ್ದು ಟ್ಯಾಂಪಾದ ಮೋರಿಸೌಂಡ್ ಸ್ಟುಡಿಯೋದಲ್ಲಿ. ಅಂದರೆ ಚಕ್‌ನ ಊರಿಂದ ಆ ಸ್ಟುಡಿಯೋದ ಊರಿಗೆ ಹೋಗುವ ರಸ್ತೆಯೇ ನಮ್ಮ ರಸ್ತೆ, ಐ-4 ಹೆದ್ದಾರಿ, ಹೆಚ್ಚುಕಮ್ಮಿ 150 ಕಿಲೋಮೀಟರ್. ಇವನಿಗೆ ಒಮ್ಮೆ ಇದನ್ನು ಮೊದಲಿಂದ ಕೊನೆವರೆಗೆ ಕೇಳಿಸಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ ಇತ್ತು. ಗಿಟಾರ್ ಚೆನ್ನಾಗಿ ನುಡಿಸುತ್ತಾನೆ ಹುಡುಗ, ಆದರೆ ಮೆಟಲ್ ಅಂದರೆ ಬರೀ ಗದ್ದಲ ಅಂತ ತಳ್ಳಿಹಾಕಿಬಿಡುತ್ತಾನೆ.

ಮೊದಲ ಹಾಡು ಶುರುವಾಗಿ ಒಂದು ನಿಮಿಷ ಆಗಿರಬೇಕು. “ಮಾಮಾ, ಇವನು ಏನ್ ಹೇಳ್ತಿದಾನೆ ಅಂತ ನಿಮಗೆ ಗೊತ್ತಾಗುತ್ತಾ?” ಅಂದ.

“ಗೊತ್ತಾಗುತ್ತೆ ಕಣೋ. ಚಿಕ್ಕಂದಿನ ದಿನಗಳ ಬಗ್ಗೆ ಹೇಳ್ತಿದಾನೆ. ಅವು ಮತ್ತೆ ಸಿಗಲ್ಲ ಅಂತ.”

ನಂಬಲಿಲ್ಲ. ಮೊಬೈಲ್ ತೆಗೆದು ಸಾಹಿತ್ಯ ಹುಡುಕಿದ, ಸಾಲು ಸಾಲಾಗಿ ಓದುತ್ತಾ ಹೋದ. ಆಮೇಲೆ ಸುಮ್ಮನಾದ. ನನಗೆ ಬೇಕಾಗಿದ್ದೂ ಅದೇ. ಈ ಬ್ಯಾಂಡ್‌ನ 1987ರ ಮೊದಲ ಆಲ್ಬಂನಲ್ಲಿ ಇದ್ದಿದ್ದೆಲ್ಲ ರಕ್ತ, ಹೆಣ, ಭೂತ. 1991ರ ‘ಹ್ಯೂಮನ್’ ಹೊತ್ತಿಗೆ ಚಕ್ ಅದನ್ನು ಬಿಟ್ಟು ಮನುಷ್ಯನ ಒಳಗೆ ನೋಡಲು ಶುರು ಮಾಡಿದ್ದ. ‘ಸಿಂಬಾಲಿಕ್’ನಲ್ಲಿ ಆ ನೋಟ ತಿಳಿಯಾಗಿದೆ. ಟೊಳ್ಳು ಮಾತಿನ ಮೇಲೆ ಒಂದು ಹಾಡು, ಸದಾ ನಮ್ಮ ಮೇಲೆ ನಿಗಾ ಇಡುವ ಸಾವಿರ ಕಣ್ಣುಗಳ ಮೇಲೆ ಇನ್ನೊಂದು. ಎಲ್ಲರ ಜೇಬಲ್ಲೂ ಕ್ಯಾಮೆರಾ ಬರುವುದಕ್ಕೆ ಎಷ್ಟು ಮುಂಚೆ ಬರೆದಿದ್ದು ಅಂತ ಯೋಚಿಸಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಲೇಕ್‌ಲ್ಯಾಂಡ್ ಹತ್ತಿರ ಮಳೆ ಹಿಡಿಯಿತು. ಇಲ್ಲಿ ಬೇಸಿಗೆಯ ಮಧ್ಯಾಹ್ನದ ಮಳೆ ಅಂದರೆ ಮುಂದಿನ ಕಾರಿನ ಲೈಟ್ ಬಿಟ್ಟು ಏನೂ ಕಾಣುವುದಿಲ್ಲ. ಎಲ್ಲರೂ ತೆವಳಿಕೊಂಡು ಹೋಗುತ್ತಿದ್ದೆವು. ಆ ಹೊತ್ತಿಗೆ ಸರಿಯಾಗಿ ‘ಕ್ರಿಸ್ಟಲ್ ಮೌಂಟನ್’ ಬಂತು, ಸೌಂಡ್ ಜಾಸ್ತಿ ಮಾಡಿದೆ. ಜೀನ್ ಹೋಗ್ಲನ್ ಡ್ರಮ್ಸ್. ಕೆಳಗೆ ಎರಡೂ ಕಾಲು ಬಿಡದೆ ಓಡುತ್ತಿರುತ್ತವೆ, ಮೇಲೆ ಒಂದು ಕೈ ಮಾತ್ರ ರೈಡ್ ಸಿಂಬಲ್ ಅನ್ನುವ ಲೋಹದ ತಟ್ಟೆಯ ನಡುವಿನ ಉಬ್ಬಿಗೆ ಟಿಣ್ ಟಿಣ್ ಅಂತ ಬಡಿಯುತ್ತಾ ಅದರದೇ ಲೆಕ್ಕದಲ್ಲಿ ಹೋಗುತ್ತದೆ, ಅವಸರವೇ ಇಲ್ಲ. “ಆ ಗಂಟೆ ಥರದ ಸದ್ದು ಹಿಡ್ಕೊಂಡು ಕೇಳು, ಮಿಕ್ಕಿದ್ದನ್ನೆಲ್ಲ ಬಿಟ್ಟುಬಿಡು” ಅಂದೆ. ಕಣ್ಣು ಮುಚ್ಚಿಕೊಂಡು ಕೇಳಿದ, ಬೆರಳು ಮೊಣಕಾಲ ಮೇಲೆ ಆಡುತ್ತಿತ್ತು. ಹಾಡಿನ ಕೊನೆಗೆ ಅಷ್ಟೂ ಅಬ್ಬರದ ಮೇಲೆ ಒಂದು ಅಕೌಸ್ಟಿಕ್ ಗಿಟಾರ್ ಬರುತ್ತದಲ್ಲ, ಅಲ್ಲಿ ಕಣ್ಣು ಬಿಟ್ಟ. “ಇದು ಅದೇ ಹಾಡಾ?”

ಅದೇ ಹಾಡು. ಇದರ ಹಿಂದಿನ ಮೂರು ಆಲ್ಬಂಗಳಿಗೆ ಸ್ಕಾಟ್ ಬರ್ನ್ಸ್ ಪ್ರೊಡ್ಯೂಸರ್ ಆಗಿದ್ದ, ಇದಕ್ಕೆ ಆ ಕೆಲಸದಲ್ಲಿ ಚಕ್ ಜೊತೆ ಕೂತಿದ್ದು ಜಿಮ್ ಮೋರಿಸ್. ಒಂದೊಂದು ವಾದ್ಯವೂ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತದೆ. ಚಕ್ ಜೊತೆಗಿನ ಇನ್ನೊಬ್ಬ ಗಿಟಾರಿಸ್ಟ್ ಬಾಬಿ ಕೋಬಲ್ ಜಾಝ್ ಕಡೆಯವನು. ಅವನು ನುಡಿಸುವ ಸೋಲೋಗಳಲ್ಲಿ ಅದು ಗೊತ್ತಾಗುತ್ತದೆ ಕೂಡ.

ಟ್ರಾಫಿಕ್ ನಿಂತೇಬಿಟ್ಟಿತು. ಚಕ್ ಈಗ ಏನು ಮಾಡ್ತಿದಾನೆ ಅಂತ ಕೇಳಿದ. ಹೇಳಿದೆ. 9 ವರ್ಷದವನಿದ್ದಾಗ ಅಣ್ಣ ಕಾರ್ ಆಕ್ಸಿಡೆಂಟಲ್ಲಿ ತೀರಿಕೊಂಡಿದ್ದು, ಆ ದುಃಖದಲ್ಲಿದ್ದ ಹುಡುಗನಿಗೆ ಅಪ್ಪ ಅಮ್ಮ ಗಿಟಾರ್ ಕೊಡಿಸಿದ್ದು. 1999ರಲ್ಲಿ ಮೆದುಳಲ್ಲಿ ಗೆಡ್ಡೆ ಇದೆ ಅಂತ ಗೊತ್ತಾಗಿದ್ದು, ಚಿಕಿತ್ಸೆಗೆ ದುಡ್ಡು ಸಾಲದೆ ಅಭಿಮಾನಿಗಳು, ಬೇರೆ ಬ್ಯಾಂಡ್‌ನವರು ಶೋ ಮಾಡಿ ಹಣ ಕೂಡಿಸಿದ್ದು. 2001ರ ಡಿಸೆಂಬರ್ 13ಕ್ಕೆ ಹೋಗಿಬಿಟ್ಟ. 34 ವರ್ಷ.

“ಇನ್ಶೂರೆನ್ಸ್ ಇರ್ಲಿಲ್ವಾ ಮಾಮಾ? ನಮಗೆ ಅದಿಲ್ದೆ ರಿಜಿಸ್ಟ್ರೇಷನ್ನೇ ಆಗಲ್ಲ.”

“ಕಾಯಿಲೆ ಬಂದಾಗ ಇರ್ಲಿಲ್ಲ ಕಣೋ.”

ಒಂದು ಇಡೀ ಸಂಗೀತಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬ, ತನ್ನ ದೇಶದಲ್ಲೇ ಆಸ್ಪತ್ರೆ ಬಿಲ್‌ಗೆ ಒದ್ದಾಡಬೇಕಾಯಿತು. ಎಷ್ಟು ವರ್ಷವಾದರೂ ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ಕೊನೆಯ ಹಾಡು ‘ಪೆರೆನಿಯಲ್ ಕ್ವೆಸ್ಟ್’ 8 ನಿಮಿಷದ ಮೇಲಿದೆ. ಅದು ಮುಗಿದಾಗ ಮಳೆಯೂ ಹಿಂದೆ ಉಳಿದಿತ್ತು. ಮೋರಿಸೌಂಡ್‌ನ ಹಳೇ ಕಟ್ಟಡ ಇರುವ 56ನೇ ಬೀದಿ ಇವನ ಯೂನಿವರ್ಸಿಟಿಗೆ ಪಕ್ಕದಲ್ಲೇ ಇದೆ, ಆ ಕಡೆಯಿಂದಲೇ ಕರೆದುಕೊಂಡು ಹೋದೆ. ನೋಡಲು ಯಾವುದೋ ಆಫೀಸ್ ಥರ ಇದೆ, ಮೋರಿಸೌಂಡ್‌ನವರೂ ಈಗ ಅಲ್ಲಿಲ್ಲ. ಮಾರ್ಬಿಡ್ ಏಂಜಲ್, ಆಬಿಚುಅರಿ, ಡೀಸೈಡ್, ಕ್ಯಾನಿಬಲ್ ಕಾರ್ಪ್ಸ್ ಬ್ಯಾಂಡ್‌ನವರೆಲ್ಲ ಹೊಕ್ಕು ಬಂದ ಜಾಗ ಅಂದರೆ ಇವನಿಗೆ ಆ ಹೆಸರು ಯಾವುದೂ ಗೊತ್ತಿಲ್ಲ. ಆದರೂ ಕಾರಿನ ಗಾಜು ಇಳಿಸಿ ಪೂರ್ತಿ ತಿರುಗಿ ನೋಡಿದ.

“ಗಿಟಾರ್ ಸಖತ್ತಾಗಿದೆ ಮಾಮಾ. ಗಂಟಲು ಮಾತ್ರ ಹಿಡಿಸಲಿಲ್ಲ,” ಅಂದ ಇಳಿಯುವ ಮುಂಚೆ.

ನನಗೆ ಆ ಗಂಟಲೇ ಪ್ರಾಣ. ಈ ಮಾತುಗಳನ್ನೇ ಇಂಪಾದ ದನಿಯಲ್ಲಿ ಹಾಡಿದ್ದರೆ ಬರೀ ಹಳೇ ದಿನಗಳ ಹಂಬಲ ಅನಿಸಿಬಿಡುತ್ತಿತ್ತು. ಚಕ್ ಗಂಟಲು ಹರಿಯುವ ಹಾಗೆ ಕೂಗುವುದರಿಂದ ಕಳೆದುಕೊಂಡವನ ಸಿಟ್ಟು ಅದರಲ್ಲಿ ಉಳಿದಿದೆ. ಅಷ್ಟಾದರೂ ಮಾತು ಬಿಡಿಸಿ ಕೇಳುತ್ತದೆ, ಆ ದನಿಗೆ ಕಿವಿ ಒಗ್ಗುವುದಕ್ಕೆ ಸ್ವಲ್ಪ ಸಮಯ ಕೊಡಬೇಕು ಅಷ್ಟೇ.

ಡೆತ್ ಕೇಳದೇ ಇರುವವರು ಇದರಿಂದಲೇ ಶುರು ಮಾಡಿ. ‘ಹ್ಯೂಮನ್’ ಆಮೇಲೆ ಇರಲಿ, ಅದರ ವೇಗ ಜಾಸ್ತಿ, ಮೊದಲ ಸಲಕ್ಕೆ ಉಸಿರುಗಟ್ಟಿಸಬಹುದು. 1998ರ ‘ದಿ ಸೌಂಡ್ ಆಫ್ ಪರ್ಸಿವಿಯರೆನ್ಸ್’ ಕೊನೆಗೆ. ಅಕ್ಕನ ಮಗನಿಗೂ ಇದೇ ಕ್ರಮದಲ್ಲಿ ಕಳಿಸಿದ್ದೇನೆ. ನಿನ್ನೆ ರಾತ್ರಿ ‘ಕ್ರಿಸ್ಟಲ್ ಮೌಂಟನ್’ ಕೊನೆಯ ಆ ಅಕೌಸ್ಟಿಕ್ ಭಾಗಕ್ಕೆ ಗಿಟಾರ್ ಎಷ್ಟು ಇಳಿಸಿ ಶ್ರುತಿ ಮಾಡಬೇಕು ಅಂತ ಮೆಸೇಜ್ ಹಾಕಿದ್ದ. ಆರೂ ತಂತಿಯನ್ನು ಒಂದೊಂದು ಪೂರ್ತಿ ಸ್ವರ, ಅಂದರೆ ಎರಡೆರಡು ಫ್ರೆಟ್‌ನಷ್ಟು ಇಳಿಸು ಅಂತ ಬರೆದೆ.