ಮುರಿದಾಗ ಸದ್ದಾಗಬೇಕು

ಮೆಲ್ಬರ್ನ್‌ನಲ್ಲಿ ಹಿರಿಯರ ಆರೈಕೆ ಮನೆಯೊಂದರ ಅಡುಗೆಮನೆಯಲ್ಲಿ ನನ್ನ ಕೆಲಸ. ದಿನಕ್ಕೆ ಮೂರು ಊಟ, ಎರಡು ಸಲ ಟೀ. ಟೀ ಜೊತೆ ಕೊಡುವ ಬಿಸ್ಕತ್ತು, ಕೇಕು ನನ್ನ ಪಾಲಿಗೆ ಬಂದಿವೆ. ಈ ಕೆಲಸ ನನಗೆ ತುಂಬ ಇಷ್ಟ. ಊಟ ಬಿಟ್ಟವರೂ ಟೀ ಹೊತ್ತಿಗೆ ಬಂದು ಕೂರುತ್ತಾರೆ.

ಏಪ್ರಿಲ್ ಬಂತೆಂದರೆ ಓಟ್ಸ್ ಚೀಲಗಳು ಬಂದಿಳಿಯುತ್ತವೆ. ಏಪ್ರಿಲ್ 25 ಇಲ್ಲಿ ಆನ್ಜಾಕ್ ದಿನ. 1915ರಲ್ಲಿ ಅದೇ ತಾರೀಖಿನ ಬೆಳಗಿನ ಜಾವ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಟರ್ಕಿಯ ಗಲ್ಲಿಪೊಲಿ ದಡದಲ್ಲಿ ಇಳಿದರು. ಆ ಪಡೆಯ ಹೆಸರಿನ ಮೊದಲಕ್ಷರಗಳು ಸೇರಿ ಆನ್ಜಾಕ್ ಅಂತಾಯಿತು. ಅದೇ ಹೆಸರಿನದು ಈ ಓಟ್ಸ್ ಬಿಸ್ಕತ್ತು. ಓಟ್ಸ್, ಮೈದಾ, ಸಕ್ಕರೆ, ಒಣಕೊಬ್ಬರಿ, ಬೆಣ್ಣೆ, ಗೋಲ್ಡನ್ ಸಿರಪ್ ಅನ್ನುವ ಜೇನಿನಂಥ ಸಕ್ಕರೆ ಪಾಕ, ಅಡುಗೆ ಸೋಡಾ ಇಷ್ಟೇ ಸಾಮಾನು. ಮೊಟ್ಟೆ ಹಾಕುವುದಿಲ್ಲ, ಅದಕ್ಕೇ ಬಹಳ ದಿನ ಕೆಡುವುದಿಲ್ಲ. ಸೈನಿಕರಿಗೆ ದಿನದ ಪಾಲಾಗಿ ಸಿಗುತ್ತಿದ್ದ ಬಿಸ್ಕತ್ತೇ ಬೇರೆ. ಅದು ಕಲ್ಲಿನಷ್ಟು ಗಟ್ಟಿ, ಪುಡಿ ಮಾಡಿ ಗಂಜಿ ಕಾಯಿಸಿಕೊಂಡು ಕುಡಿಯುತ್ತಿದ್ದರು. ನಾವು ಮಾಡುವುದು ಮನೆಗಳಲ್ಲಿ ಬೆಳೆದುಬಂದ ಬಿಸ್ಕತ್ತು.

ಈ ಹೆಸರಿನ ಬಗ್ಗೆ ಇಲ್ಲಿನವರು ಬಹಳ ಜೋಪಾನ. ಆನ್ಜಾಕ್ ಅನ್ನುವ ಪದಕ್ಕೆ 1921ರ ನಿಯಮಗಳ ಪ್ರಕಾರ ಕಾನೂನಿನ ರಕ್ಷಣೆ ಇದೆ. ಆ ಹೆಸರಲ್ಲಿ ಮಾರಬೇಕಾದರೆ ಹಳೆಯ ಪಾಕಕ್ಕೆ ಹತ್ತಿರವಿರಬೇಕು, ಬಿಸ್ಕತ್ತು ಅಂತಲೇ ಕರೆಯಬೇಕು. ಕುಕೀ ಅನ್ನುವಂತಿಲ್ಲ. ಮೊದಲ ವರ್ಷ ನಾನು ಬೋರ್ಡಿನ ಮೇಲೆ ಕುಕೀ ಅಂತ ಬರೆದುಬಿಟ್ಟಿದ್ದೆ. ನಮ್ಮ ಹೆಡ್ ಕುಕ್ ಏನೂ ಹೇಳದೆ ತಾವೇ ಬಂದು ಒರೆಸಿ, ಸರಿಯಾಗಿ ಬರೆದು ಹೋದರು.

ಆಮೇಲಿನ ಒಂದು ಏಪ್ರಿಲ್‌ನಲ್ಲಿ ನಡೆದದ್ದನ್ನು ಹೇಳಬೇಕು. ಆಗ ತೊಂಬತ್ತು ದಾಟಿದ ಒಬ್ಬ ಅಜ್ಜಿ ನಮ್ಮಲ್ಲಿದ್ದರು. ಇಲ್ಲಿ ಎಷ್ಟೇ ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯುವುದು. ಮಲೆನಾಡಿನ ಸಾಗರದ ಕಡೆಯ ನನಗೆ ಅದು ಬಾಯಿಗೆ ಬರಲು ಒಂದು ವರ್ಷ ಬೇಕಾಯಿತು. ಬಾಯಲ್ಲಿ ಹೆಸರು, ಮನಸ್ಸಿನಲ್ಲಿ ಅಜ್ಜಿ. ವಿಕ್ಟೋರಿಯಾದ ವಾಯವ್ಯ ಮೂಲೆಯಲ್ಲಿ ಮಾಲೀ ಅಂತ ಒಂದು ಒಣ ಗೋಧಿ ಸೀಮೆ ಇದೆ. ಅಲ್ಲಿನ ರೈತರ ಮನೆಯಲ್ಲಿ ಹುಟ್ಟಿ ಬೆಳೆದವರು ಅವರು.

ನಾನು ಟ್ರಾಲಿ ತಳ್ಳಿಕೊಂಡು ಹೋದೆ. ಬಿಸ್ಕತ್ತು ಕೈಗೆ ತಗೊಂಡು ಬೆರಳಲ್ಲಿ ಬಗ್ಗಿಸಿ ನೋಡಿದರು. ಅದು ಬಾಗಿತು. ಒಂದು ಚೂರು ಕಚ್ಚಿ ತಟ್ಟೆಯಲ್ಲಿಟ್ಟರು. “ಚೆನ್ನಾಗಿದೆ ಲವ್. ಆದರೆ ನಮ್ಮಮ್ಮನದು ಹೀಗಿರಲಿಲ್ಲ” ಅಂದರು.

ನನಗೆ ಬೇಜಾರಾಯಿತು. ಅಡುಗೆಮನೆಯ ಕಾರ್ಡಿನಲ್ಲಿ ಬರೆದಂತೆ ತೂಕ ತಪ್ಪದೆ ಮಾಡಿದ್ದೆ. “ಹೇಗಿತ್ತು ನಿಮ್ಮಮ್ಮಂದು?” ಅಂತ ಕೇಳಿದರೆ, “ಬಹಳ ಚೆನ್ನಾಗಿತ್ತು” ಅಂದರು. ಇದರಿಂದ ನನಗೇನು ಸಿಕ್ಕ ಹಾಗಾಯಿತು? ಮರುದಿನವೂ ಕೇಳಿದೆ, ಅದೇ ಉತ್ತರ.

ಮೂರನೇ ದಿನ ಬಿಡುವಿತ್ತು. ಪಕ್ಕದಲ್ಲಿ ಕೂತೆ. ಈ ಸಲ ಬಿಸ್ಕತ್ತು ಹೇಗಿತ್ತು ಅಂತ ಕೇಳಲೇ ಇಲ್ಲ. ಅಮ್ಮ ಬಿಸ್ಕತ್ತನ್ನು ಯಾವುದರಲ್ಲಿ ಇಡುತ್ತಿದ್ದರು, ಡಬ್ಬ ಎಲ್ಲಿರುತ್ತಿತ್ತು, ನೀವು ಕದಿಯುತ್ತಿದ್ದಿರಾ ಅಂತ ಕೇಳಿದೆ. ಅಷ್ಟೇ ಸಾಕಾಯಿತು. ಡಬ್ಬ ತಗಡಿನದು, ಬೀರುವಿನ ಮೇಲಿರುತ್ತಿತ್ತಂತೆ. ಇವರೂ ತಮ್ಮನೂ ಕುರ್ಚಿ ಹತ್ತಿ ಕದಿಯುತ್ತಿದ್ದರಂತೆ. ಆದರೆ ಒಂದನ್ನು ಇಬ್ಬರು ಹಂಚಿಕೊಳ್ಳಬೇಕಲ್ಲ. ಮುರಿದ ಕೂಡಲೇ ಟಪ್ ಅಂತ ಸದ್ದಾಗುತ್ತಿತ್ತು. ಆ ಸದ್ದಿಗೆ ಅಮ್ಮ ಹಿತ್ತಲಿಂದಲೇ ಕೂಗುತ್ತಿದ್ದರು. ಅದಕ್ಕೆ ಇವರು ಏಪ್ರನ್ನಿನೊಳಗೆ ಸುತ್ತಿ ಮುರಿಯುತ್ತಿದ್ದರು. ಅಜ್ಜಿ ಸೆರಗು ಹಿಡಿದ ಹಾಗೆ ಕೈಯಲ್ಲಿ ಬಟ್ಟೆ ಸುತ್ತಿ ತೋರಿಸಿದರು.

ಸದ್ದು! ಅಜ್ಜಿ ಅಷ್ಟು ದಿನ ಹುಡುಕುತ್ತಿದ್ದದ್ದು ಅದನ್ನೇ.

ಮತ್ತೆ ಒಂದೊಂದಾಗಿ ಬಂದವು. ಸೌದೆ ಒಲೆಯ ಓವನ್ನು, ಹಿಂದಿನ ಮೂಲೆಯವು ಯಾವಾಗಲೂ ಕಪ್ಪಗಾಗುತ್ತಿದ್ದವು. ಗೋಲ್ಡನ್ ಸಿರಪ್ಪಿಗೆ ಅವರ ಅಪ್ಪ ಹೇಳುತ್ತಿದ್ದ ಹೆಸರು ಕಾಕೀಸ್ ಜಾಯ್. ಕಾಕಿ ಅಂದರೆ ಇಲ್ಲಿನ ಹಳೆ ಮಾತಿನಲ್ಲಿ ಸಣ್ಣ ರೈತ. ಬೇರೆ ಸಿಹಿ ಕೊಳ್ಳಲು ಕಾಸಿಲ್ಲದ ರೈತನ ಸಂತೋಷ ಅದು. ನನಗೆ ನಮ್ಮೂರಿನ ಜೋನಿಬೆಲ್ಲ ಕಣ್ಣಮುಂದೆ ಬಂತು, ದೋಸೆ ಮೇಲೆ ಸುರಿದ ಹಾಗೆ. ಕೊನೆಗೆ ಸುಮ್ನೆ ಕೇಳಿದೆ, ಕಾಯಿತುರಿ ಎಷ್ಟು ಹಾಕುತ್ತಿದ್ದರು ಅಂತ. ಅಜ್ಜಿ ನನ್ನ ಮುಖ ನೋಡಿದರು. “ಕಾಯಿತುರಿನಾ? ಅದೆಲ್ಲ ಇರಲಿಲ್ಲ.”

ಮಲೆನಾಡಿನವಳಾದ ನನಗೆ ಈ ಬಿಸ್ಕತ್ತಿನ ಜೀವವೇ ಒಣಕೊಬ್ಬರಿ ಅನ್ನಿಸಿತ್ತು. ಆಮೇಲೆ ಹುಡುಕಿ ನೋಡಿದೆ. ಮೊದಮೊದಲ ಪಾಕಗಳಲ್ಲಿ ಕೊಬ್ಬರಿ ಇರಲಿಲ್ಲ, ನಂತರದ ವರ್ಷಗಳಲ್ಲಿ ಸೇರಿಕೊಂಡದ್ದು. ಅಜ್ಜಿಯ ನೆನಪು ನಮ್ಮ ಕಾರ್ಡಿಗಿಂತ ಹಳೆಯದು.

ಹಳೆ ಅಳತೆ ಇದು: ಎರಡು ಕಪ್ ಓಟ್ಸ್, ಒಂದು ಕಪ್ ಮೈದಾ, ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ಕರಗಿಸಿದ ಬೆಣ್ಣೆ, ಒಂದು ದೊಡ್ಡ ಚಮಚ ಗೋಲ್ಡನ್ ಸಿರಪ್, ಎರಡು ದೊಡ್ಡ ಚಮಚ ಕುದಿಯುವ ನೀರು, ಒಂದು ಸಣ್ಣ ಚಮಚ ಸೋಡಾ. ನಮ್ಮ ಕಾರ್ಡಿನಲ್ಲಿ ಸಕ್ಕರೆಯೂ ಸಿರಪ್ಪೂ ಇದರ ಎರಡರಷ್ಟು, ಓಟ್ಸ್ ಅರ್ಧ. ಮೆತ್ತಗಾಗದೆ ಇನ್ನೇನಾದೀತು? ಗೋಲ್ಡನ್ ಸಿರಪ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದು ಜಾಸ್ತಿಯಾದಷ್ಟೂ ಬಿಸ್ಕತ್ತು ಅಂಟಂಟಾಗಿ ಬಾಗುತ್ತದೆ. ಹಾಗೇ ಇಷ್ಟಪಡುವವರೂ ಬೇಕಾದಷ್ಟು ಜನ ಇದ್ದಾರೆ. ಮೆತ್ತಗಿರಬೇಕೋ ಗರಿಗರಿ ಇರಬೇಕೋ ಅಂತ ಇಲ್ಲಿ ಪ್ರತಿ ಏಪ್ರಿಲ್‌ನಲ್ಲೂ ವಾದ ನಡೆಯುತ್ತದೆ. ಇನ್ನೊಂದು ವಿಷಯ, ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿಲೀ ಲೀಟರು. ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ 15. ಊರಿಂದ ತಂದ ಚಮಚದಲ್ಲಿ ಅಳೆಯುವವರು ಗಮನಿಸಿ.

ಸೋಡಾ ಬೆರೆಸುವ ಗಳಿಗೆ ನನಗೆ ಈಗಲೂ ಆಸೆಯ ಗಳಿಗೆ. ಬೆಣ್ಣೆ, ಸಿರಪ್ ಸಣ್ಣ ಉರಿಯಲ್ಲಿ ಒಂದಾಗಿ ಜೇನಿನ ಬಣ್ಣಕ್ಕೆ ಬಂದಿರುತ್ತದೆ. ಸೋಡಾವನ್ನು ಕುದಿನೀರಲ್ಲಿ ಕದಡಿ ಅದಕ್ಕೆ ಸುರಿಯಬೇಕು. ಸುರಿದ ಕ್ಷಣ ಬುಸ್ಸೆಂದು ಬಿಳಿ ನೊರೆ ಏಳುತ್ತದೆ, ಪಾತ್ರೆಯ ಅಂಚಿನವರೆಗೂ. ಚಿಕ್ಕ ಪಾತ್ರೆ ಆದರೆ ಉಕ್ಕಿ ಒಲೆಗೆ ಬೀಳುತ್ತದೆ. ನೊರೆ ಇಳಿಯುವ ಮುಂಚೆ ಓಟ್ಸ್ ಮೈದಾಕ್ಕೆ ಹಾಕಿ ಕಲಸಬೇಕು. ಬಿಸ್ಕತ್ತಿಗೆ ಆ ಕಂದು ಬಣ್ಣ, ಕೆಂಪಗೆ ಹುರಿದ ಪರಿಮಳ ಬರುವುದರಲ್ಲಿ ಸೋಡಾದ ಪಾಲು ದೊಡ್ಡದು.

ಅಳತೆ ಸರಿಯಾದರೂ ಮೊದಲ ಸಲ ಸದ್ದು ಬರಲಿಲ್ಲ. ಓವನ್ನಿಂದ ತೆಗೆದು ಹತ್ತು ನಿಮಿಷಕ್ಕೆ ಒಂದನ್ನು ಮುರಿದು ನೋಡಿದೆ, ಗರಿಯಾಗಿತ್ತು. ಮಧ್ಯಾಹ್ನ ಟ್ರಾಲಿಗೆ ಇಡುವ ಹೊತ್ತಿಗೆ ಮತ್ತೆ ಬಾಗತೊಡಗಿತ್ತು. ತಪ್ಪು ಎಲ್ಲಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ನಮ್ಮ ಅಡುಗೆಮನೆಯಲ್ಲಿ ಯಾವುದನ್ನೂ ತೆರೆದಿಡುವಂತಿಲ್ಲ. ಮಾಡಿದ್ದನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಾರೀಖು ಅಂಟಿಸುವುದು ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಬಿಸಿ ಆರುವ ಮೊದಲೇ ಸುತ್ತಿದ್ದೆ. ಒಳಗಿನ ಆವಿ ಹಾಳೆಗೆ ತಾಗಿ, ನೀರಾಗಿ, ಬಿಸ್ಕತ್ತಿಗೇ ವಾಪಸ್ ಇಳಿದಿತ್ತು. ಚಕ್ಕುಲಿ ಆರುವ ಮುಂಚೆ ಡಬ್ಬಕ್ಕೆ ತುಂಬಿದರೆ ಅಮ್ಮ ಬೈಯುತ್ತಿದ್ದರು. ಅದು ಗೊತ್ತಿದ್ದೂ ಕೆಲಸದ ಜಾಗದಲ್ಲಿ ನೆನಪಾಗಲಿಲ್ಲ. ಓವನ್ನಲ್ಲೂ ಒಂದು ಎಡವಟ್ಟಿತ್ತು. ಬೆಳಗ್ಗೆ ತರಕಾರಿ ಬೇಯಿಸಿದ ಹಬೆಯ ತೇವ ಒಳಗೇ ಉಳಿದಿರುತ್ತಿತ್ತು. ಅದನ್ನು ಒಣಗಿಸಿಕೊಂಡು, ಫ್ಯಾನಿನ ಓವನ್ ಆದ್ದರಿಂದ 150 ಡಿಗ್ರಿಗೆ ಇಳಿಸಿ, ತೆಳ್ಳಗೆ ಒತ್ತಿ, ಅಂಚು ಕಪ್ಪಗಾಗುವ ತನಕ ಬಿಟ್ಟೆ. ಜಾಲರಿ ಮೇಲೆ ಪೂರ್ತಿ ಆರಿಸಿ ತಗಡಿನ ಡಬ್ಬಕ್ಕೆ ಹಾಕಿದೆ.

ಮರುದಿನ ಟಪ್ ಅಂತು.

ಡಬ್ಬ ಹಿಡಿದು ಅಜ್ಜಿಯ ಕೋಣೆಗೆ ಹೊರಟವಳನ್ನು ನರ್ಸ್ ತಡೆದರು. ಅಜ್ಜಿಯ ಊಟದ ಪಟ್ಟಿ ಅವತ್ತು ಬೆಳಗ್ಗೆಯೇ ಬದಲಾಗಿತ್ತು. ನಾನು ನೋಡಿರಲಿಲ್ಲ. ನುಂಗಲು ಕಷ್ಟವಾಗುವವರ ಊಟ, ಪಾನೀಯಗಳಿಗೆ ಸೊನ್ನೆಯಿಂದ ಏಳರವರೆಗೆ ಹಂತಗಳಿವೆ. 2019ರ ಮೇ ತಿಂಗಳಿಂದ ಆಸ್ಟ್ರೇಲಿಯಾದಲ್ಲಿ ಈ ಲೆಕ್ಕವೇ ನಡೆಯುತ್ತಿದೆ. ಅಜ್ಜಿ ಏಳರಿಂದ ಆರಕ್ಕೆ ಇಳಿದಿದ್ದರು. ಆರು ಅಂದರೆ ಮೆತ್ತಗೆ, ತೇವವಾಗಿ, ಒಂದೂವರೆ ಸೆಂಟಿಮೀಟರ್‌ಗಿಂತ ದೊಡ್ಡ ತುಂಡಿಲ್ಲದೆ. ಒಣ ಬಿಸ್ಕತ್ತು ಕೂಡದು. ಪುಡಿ ಗಂಟಲಲ್ಲಿ ಚದುರಿ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾವರೆಗೂ ಹೋಗಬಹುದು. ಕಾಲು ನಡುಗಿತು. ಅವರ ಖುಷಿಗೆ ಅಂತ ವಾರವೆಲ್ಲ ಓಡಾಡಿ, ಆ ದಿನದ ಪಟ್ಟಿಯನ್ನೇ ನೋಡಿರಲಿಲ್ಲ. ಅಂದಿನಿಂದ ಟ್ರಾಲಿ ಮುಟ್ಟುವ ಮುಂಚೆ ಪಟ್ಟಿ ಓದುತ್ತೇನೆ, ಬೆಳಗ್ಗೆ ಓದಿದ್ದರೂ ಮಧ್ಯಾಹ್ನ ಮತ್ತೆ ಓದುತ್ತೇನೆ.

ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಪೆಥಾಲಜಿಸ್ಟ್ ಬಂದಾಗ ವಿಷಯವೆಲ್ಲ ಹೇಳಿದೆ. ಅವರು ಅಜ್ಜಿಯ ಜೊತೆ ಕೂತು ನೋಡಿದರು. ಟೀಯಲ್ಲಿ ಪೂರ್ತಿ ನೆನೆದು, ಎಲ್ಲೂ ಗಟ್ಟಿ ಉಳಿಯದೆ ಮೆತ್ತಗಾಗಿದ್ದರೆ ಸರಿ, ಯಾರಾದರೂ ಪಕ್ಕದಲ್ಲಿರಬೇಕು ಅಂತ ಬರೆದುಕೊಟ್ಟರು. ಓಟ್ಸ್ ಕಾಳು ಬೇಗ ನೆನೆಯುವುದಿಲ್ಲ, ಅದಕ್ಕೆ ಸಣ್ಣ ಓಟ್ಸ್ ಹಾಕಿ ಇನ್ನೊಂದು ಸಲ ಮಾಡಿದೆ. ಅದನ್ನೂ ಅವರು ನೋಡಿ ಒಪ್ಪಿದರು.

ಭಾನುವಾರ ಅಜ್ಜಿಯ ಮಗಳು ಬಂದಿದ್ದರು. ನಾನು ಡಬ್ಬದ ಮುಚ್ಚಳ ತೆಗೆದೆ. ಅಜ್ಜಿ ಒಂದನ್ನು ತೆಗೆದುಕೊಂಡು ಮೊದಲು ಮೂಸಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಒಯ್ದರು. ಬೆರಳಲ್ಲಿ ಬಲವಿರಲಿಲ್ಲ, ಸ್ವಲ್ಪ ಹೊತ್ತಾಯಿತು. ಟಪ್. ಒಂದು ಅರ್ಧ ಮಗಳಿಗೆ ಕೊಟ್ಟರು. ಇನ್ನೊಂದನ್ನು ನಾನು ಬಟ್ಟಲಲ್ಲಿ ಟೀ ಹಾಕಿ ನೆನೆಸಿ ಚಮಚದಲ್ಲಿ ಕೊಟ್ಟೆ. ನಿಧಾನಕ್ಕೆ ತಿಂದು ಮುಗಿಸಿದರು.

ಬಾಯಿ ಒರೆಸಿಕೊಂಡು ಡಬ್ಬದ ಕಡೆ ಕೈ ತೋರಿಸಿದರು. ಇನ್ನೊಂದು ಬೇಕಾ ಅಂತ ಕೇಳಿದೆ. ತಿನ್ನೋಕಲ್ಲ ಅನ್ನುವ ಹಾಗೆ ತಲೆ ಆಡಿಸಿದರು. “ನೀನು ಮುರಿ” ಅಂದರು. ನಾನು ಅವರ ಕಿವಿ ಹತ್ತಿರ ಹಿಡಿದು ಮುರಿದೆ.