‘ಕೆಳಹೊಟ್ಟೆ ನೋವು’ ಎಂದು ನಾನು ಹೇಳುತ್ತಿದ್ದುದು

ಮುಟ್ಟು ನಿಂತು ಒಂದೂವರೆ ವರ್ಷವಾದ ಮೇಲೆ ಈ ನೋವು ಶುರುವಾಯಿತು. ಆಗ ನನಗೆ 51. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ದಿನಕ್ಕೆ ಏಳೆಂಟು ಗಂಟೆ ಕುಳಿತೇ ಇರಬೇಕು. ಮೊದಲು ಬಂದದ್ದು ಉರಿ. ಉರಿಮೂತ್ರವೆಂದು ಹತ್ತು ತಿಂಗಳಲ್ಲಿ ನಾಲ್ಕು ಸಲ ಆಂಟಿಬಯೋಟಿಕ್ ನುಂಗಿದೆ. ಅದರಲ್ಲಿ ಮೂರು ಸಲ ಮೂತ್ರದ ಕಲ್ಚರ್ ವರದಿಯಲ್ಲಿ ಸೋಂಕಿನ ಸುಳಿವೇ ಇರಲಿಲ್ಲ. ವರದಿ ಕೈಗೆ ಬರುವ ಹೊತ್ತಿಗೆ ಮಾತ್ರೆಗಳು ಅರ್ಧ ಮುಗಿದಿರುತ್ತಿದ್ದವು.

ಆಮೇಲೆ ಉರಿಯ ಜೊತೆ ಜಗ್ಗುವಂಥ ನೋವೊಂದು ಸೇರಿಕೊಂಡಿತು. ಸ್ಕ್ಯಾನಿಂಗ್ ಮಾಡಿಸಿದೆ. ಗರ್ಭಕೋಶ, ಅಂಡಾಶಯ, ಮೂತ್ರಕೋಶ ಎಲ್ಲವೂ ನಾರ್ಮಲ್. “ವಯಸ್ಸಾಯಿತಲ್ಲ, ಇವೆಲ್ಲ ಸಹಜ” ಎಂದರು ಒಬ್ಬ ವೈದ್ಯರು. ಇನ್ನೊಬ್ಬರು, “ಹೇಗೂ ಇನ್ನು ಅದರಿಂದ ಉಪಯೋಗವಿಲ್ಲ, ಗರ್ಭಕೋಶ ತೆಗೆಸಿಬಿಡಿ” ಎಂದರು. ಗರ್ಭಕೋಶದಲ್ಲಿ ದೋಷವೇನಿದೆ ಎಂದು ಕೇಳಿದೆ. ದೋಷವೇನೂ ಇಲ್ಲ ಎಂದರು. ಆ ಮಾತಿನ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ದೋಷವಿಲ್ಲದ ಅಂಗವನ್ನು ಕತ್ತರಿಸಿ ತೆಗೆದರೆ ಬೇರೆಡೆಯ ನೋವು ಹೇಗೆ ಹೋದೀತು?

ಆದರೆ ಈ ಕಥೆಯಲ್ಲಿ ನನ್ನ ಪಾಲೂ ಇದೆ. ಹೋದಲ್ಲೆಲ್ಲ ನಾನು ಹೇಳಿದ್ದು ‘ಕೆಳಹೊಟ್ಟೆ ನೋವು’ ಎಂದು. ಅವರು ಕೆಳಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಟ್ಟರು. ನೋವಿದ್ದದ್ದು ಹೊಟ್ಟೆಯಲ್ಲಿ ಅಲ್ಲವೇ ಅಲ್ಲ. ಯೋನಿಯ ಬಾಯಲ್ಲಿ ಉರಿ, ಅದರಿಂದ ಒಳಗೆ ಬಲಗಡೆ ಜಗ್ಗುವ ನೋವು, ಅಲ್ಲಿಂದ ಬಾಲಮೂಳೆಯವರೆಗೆ ಒಂದು ಸೆಳೆತ. ಕಾಲು ಶತಮಾನ ಇನ್ನೊಬ್ಬರ ವಾಕ್ಯಗಳಲ್ಲಿ ಸರಿಯಾದ ಪದಕ್ಕಾಗಿ ಹಟ ಹಿಡಿದವಳು ನಾನು. ‘ಯೋನಿ’ ಎಂಬ ಪದವನ್ನು ಮಾತ್ರ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ, ವೈದ್ಯರ ಮುಂದೆ ಕೂಡ. ನಮಗೆ ಅದನ್ನು ಕಲಿಸಿದವರಾದರೂ ಯಾರು? ‘ಕೆಳಗೆ’, ‘ಆ ಜಾಗ’, ‘ಅಲ್ಲಿ’ ಎನ್ನುತ್ತಲೇ ಬೆಳೆದೆವು.

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ವಾರ ಬರೆದಿಟ್ಟೆ. ನೋವು ಎಲ್ಲಿ, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ಹತ್ತಕ್ಕೆ ಎಷ್ಟು. ಬರೆಯುತ್ತ ಹೋದಂತೆ ನನಗೇ ಕೆಲವು ಸಂಗತಿ ಹೊಳೆದವು. ಇಪ್ಪತ್ತು ನಿಮಿಷ ಕುಳಿತರೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಮೂತ್ರಕೋಶ ತುಂಬಿದ್ದರೂ ಖಾಲಿಯಾದರೂ ವ್ಯತ್ಯಾಸವಿಲ್ಲ. ಗಂಡನ ಜೊತೆ ಸೇರಿದರೆ ಮುಂದಿನ ಎರಡು ದಿನ ಉರಿ. ಈ ಕೊನೆಯದನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದೆ.

ನಾಲ್ಕನೆಯ ವೈದ್ಯೆ ಆ ಪುಟಗಳನ್ನು ಪೂರ್ತಿ ಓದಿದರು. ಆಮೇಲೆ ಮಲಗಿಸಿ ತಲೆ ಮತ್ತು ಭುಜ ಎತ್ತಲು ಹೇಳಿ ಹೊಟ್ಟೆಯನ್ನು ಒತ್ತಿದರು. ನೋವು ಹೊಟ್ಟೆಯ ಗೋಡೆಯದ್ದೋ ಅಲ್ಲವೋ ಎಂದು ತಿಳಿಯಲು. ಅದಲ್ಲ. ಹತ್ತಿಕಡ್ಡಿಯಿಂದ ಯೋನಿದ್ವಾರದ ಸುತ್ತ ಒಂದೊಂದೇ ಬಿಂದುವನ್ನು ಮೆಲ್ಲಗೆ ಮುಟ್ಟಿ, “ಇಲ್ಲಿ? ಇಲ್ಲಿ?” ಎಂದು ಕೇಳಿದರು. ಕಡೆಗೆ, ಒಪ್ಪಿಗೆ ಕೇಳಿ, ಒಂದೇ ಬೆರಳಿನಿಂದ ಒಳಗಿನ ಸ್ನಾಯುವನ್ನು ಬಲಗಡೆ ಒತ್ತಿದರು. “ಇದೇ! ಇದೇ ನೋವು!” ಎಂದು ಕೂಗಿಬಿಟ್ಟೆ. ಅಳು ಬಂತು. ನೋವಾಯಿತೆಂದಲ್ಲ, ಎರಡು ವರ್ಷದ ನಂತರ ಒಬ್ಬರ ಬೆರಳು ಅದಿರುವ ಜಾಗವನ್ನು ಮುಟ್ಟಿತ್ತು.

ಎರಡು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು ಯೋನಿಯ ಮತ್ತು ಮೂತ್ರದ್ವಾರದ ಸುತ್ತಲಿನ ಪದರ ತೆಳುವಾಗುತ್ತದೆ, ಒಣಗುತ್ತದೆ. ಅಲ್ಲಿನ ಆಮ್ಲೀಯತೆ ಕಡಿಮೆಯಾಗುತ್ತದೆ. ಸೋಂಕಿಲ್ಲದಿದ್ದರೂ ಉರಿಮೂತ್ರದಂತೆಯೇ ಉರಿಯುತ್ತದೆ. ನಿಜವಾದ ಸೋಂಕೂ ಸುಲಭವಾಗಿ ಅಂಟುತ್ತದೆ. ಇದಕ್ಕೆ 2014ರಲ್ಲಿ ‘ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್’ (ಮುಟ್ಟು ನಿಂತ ಮೇಲಿನ ಜನನಾಂಗ ಮತ್ತು ಮೂತ್ರಾಂಗದ ತೊಂದರೆಗಳು) ಎಂಬ ಹೆಸರು ಬಂತು. ಮೂತ್ರವೂ ಇದರ ಭಾಗ ಎಂಬುದು ಹೆಸರಿನಲ್ಲೇ ಇದೆ. ಆ ಉರಿಗೆ ಹೆದರಿ ಶ್ರೋಣಿಯ, ಎಂದರೆ ಸೊಂಟದ ಮೂಳೆಗೂಡಿನ, ತಳದ ಸ್ನಾಯುಗಳು ಮುಷ್ಟಿಯಂತೆ ಬಿಗಿದುಕೊಂಡಿದ್ದವು. ಸಾಮಾನ್ಯ ಸ್ಕ್ಯಾನಿಂಗ್ ಈ ಬಿಗಿತವನ್ನು ಹುಡುಕುವುದೇ ಇಲ್ಲ. ನಾನಂತೂ ಯಾವುದೋ ವೀಡಿಯೊ ನೋಡಿ ಆರು ತಿಂಗಳು ಇದೇ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ಮಾಡಿದ್ದೆ. ಬಿಗಿದ ಸ್ನಾಯುವನ್ನು ದಿನವೂ ಇನ್ನಷ್ಟು ಬಿಗಿ ಮಾಡಿದ್ದೆ.

ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟರು: ಎರಡು ವಾರ ದಿನವೂ ರಾತ್ರಿ, ನಂತರ ವಾರಕ್ಕೆ ಎರಡು ಸಲ. ನನಗೆ ಭಯವಿತ್ತು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಂಡು ಪ್ರಯೋಗವನ್ನೇ ನಿಲ್ಲಿಸಿದ್ದರು. ಆ ಸುದ್ದಿ ನನ್ನ ನೆನಪಿನಲ್ಲಿತ್ತು. ಅದು ನುಂಗುವ ಮಾತ್ರೆ, ಎರಡು ಹಾರ್ಮೋನುಗಳದ್ದು. ಈ ಕ್ರೀಮಿನ ಪ್ರಮಾಣ ತೀರಾ ಕಡಿಮೆ, ರಕ್ತಕ್ಕೆ ಸೇರುವುದು ಅತ್ಯಲ್ಪ ಎಂದು ವೈದ್ಯೆ ವಿವರಿಸಿದರು. ಸ್ತನ ಕ್ಯಾನ್ಸರ್ ಬಂದಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು. ಜೊತೆಗೆ ಶ್ರೋಣಿ ಸ್ನಾಯುಗಳಲ್ಲಿ ಪರಿಣತರಾದ ಫಿಸಿಯೋಥೆರಪಿಸ್ಟ್ ಬಳಿ ಕಳುಹಿಸಿದರು. ಅಲ್ಲಿ ಮೊದಲು ಕಲಿತದ್ದು ಉಸಿರಾಟ. ಉಸಿರು ಒಳಗೆ ಹೋಗುವಾಗ ಹೊಟ್ಟೆ ಉಬ್ಬಬೇಕು, ತಳದ ಸ್ನಾಯು ಸಡಿಲವಾಗಿ ಕೆಳಗಿಳಿಯಬೇಕು. ಇಷ್ಟು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಉರಿ ಹತ್ತು ವಾರಗಳಲ್ಲಿ ಬಹುಪಾಲು ಹೋಯಿತು. ಸ್ನಾಯುವಿನ ನೋವು ಪೂರ್ತಿ ಹೋಗಿಲ್ಲ, ಆದರೆ ಎರಡು ಗಂಟೆ ಕುಳಿತು ಕೆಲಸ ಮಾಡಬಲ್ಲೆ.

ನನ್ನಂಥದ್ದೇ ಎಲ್ಲರಿಗೂ ಇರುವುದಿಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಮುಟ್ಟು ನಿಂತ ಮೇಲೂ ಕೆಲವರನ್ನು ಕಾಡುತ್ತದೆ. ಕರುಳು, ನರ, ಸೊಂಟದ ಕೀಲು ಯಾವುದೂ ಕಾರಣವಾಗಬಹುದು. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿಕೊಳ್ಳಿ. ಹೊಟ್ಟೆ ಉಬ್ಬರ ವಾರಗಟ್ಟಲೆ ಇಳಿಯದಿದ್ದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದರೆ ಆಗಲೂ ಹಾಗೆಯೇ. ಅವು ಅಂಡಾಶಯದ ಕ್ಯಾನ್ಸರಿನ ಲಕ್ಷಣಗಳಾಗಿರಬಹುದು.

ಕಳೆದ ತಿಂಗಳು ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳಿಗೆ 58. ತುಂಬ ಹೊತ್ತು ಮಾತಾಡಲಿಲ್ಲ. “ನನಗೂ ಇದೆ. ಏಳು ವರ್ಷವಾಯಿತು” ಎಂದಳು. ದಿನವೂ ಬರೆದಿಡು ಎಂದೆ. ಮರುದಿನ ಮೊದಲ ಪುಟದ ಫೋಟೊ ಕಳುಹಿಸಿದಳು. ‘ಕೆಳಹೊಟ್ಟೆ ನೋವು, ಸಂಜೆ’ ಎಂದಿತ್ತು. ಫೋನ್ ಮಾಡಿದೆ.

“ಎಲ್ಲಿ ಅಕ್ಕಾ? ಸರಿಯಾಗಿ ಎಲ್ಲಿ?”

“ಅದೇ, ಕೆಳಗೆ.”

“ಅಲ್ಲಿಗೆ ಹೆಸರಿದೆಯಲ್ಲ.”

ಅವಳು ಎದ್ದುಹೋಗಿ ಕೋಣೆಯ ಬಾಗಿಲು ಹಾಕಿದ ಸದ್ದು ಕೇಳಿಸಿತು. ಬಂದು, ತಗ್ಗಿದ ದನಿಯಲ್ಲಿ ಹೇಳಿದಳು. ನಾನು ಈ ಕಡೆ ಒಂದೊಂದಾಗಿ ಬರೆದುಕೊಂಡೆ.