ಬಾಯಿ ಕ್ಯಾಮೆರಾ, ಕಂತು 7: ಹೊಳಪು ಹೋಯ್ತು, ಬಂತು, ಮತ್ತೆ ಹೋಯ್ತು

ಬಾಯೊಳಗಿನ ಹುಣ್ಣು, ಮಚ್ಚೆಗಳ ಫೋಟೊ ತೆಗೆಯೋಕೆ ಫೋನಿಗೆ ಸಿಕ್ಕಿಸೋ ಒಂದು ಸಾಧನ ಕಟ್ಟುತ್ತಿದ್ದೀನಿ. ಎಂಜಲಿಗೆ ಬೆಳಕು ಬಡಿದು ಅದರ ಫೋಟೊದಲ್ಲಿ ಬರೋ ಬಿಳಿ ಹೊಳಪು ನಿನ್ನೆ ರಾತ್ರಿ ಹನ್ನೊಂದೂವರೆಗೆ ಎರಡನೇ ಸಲ ಹೋಯ್ತು. ಈ ಸಲ ಯಾಕೆ ಹೋಯ್ತು ಅಂತ ಗೊತ್ತಿದ್ದೇ ಹೋಗಿದೆ, ಹಾಗಾಗಿ ಬರೆಯೋ ಧೈರ್ಯ ಮಾಡಿದ್ದೀನಿ. ಬ್ಯಾಟರಿ, ಫೋನಿಗೆ ಸಿಕ್ಕಿಸೋ ಕ್ಲಿಪ್ಪು ಎಲ್ಲ ಕಂತು 5ರಲ್ಲಿ ಇದ್ದ ಹಾಗೇ ಇವೆ. ಫೋಟೊದಿಂದ ಫೋಟೊಗೆ ಬಣ್ಣ, ಬೆಳಕು ಬದಲಾಗದ ಹಾಗೆ ವೈಟ್ ಬ್ಯಾಲೆನ್ಸು, ಎಕ್ಸ್‌ಪೋಷರು ಲಾಕ್ ಮಾಡೋದನ್ನ ನಿಮಗೆ ಹೇಳಿಕೊಡಬೇಕಾಗಿಲ್ಲ. ಇವತ್ತು ಪೂರ್ತಿ ಹೊಳಪಿನ ಕಥೆ.

ಹೊಸದಾಗಿ ಓದುವವರು ಕೇಳ್ತಾ ಇರ್ತಾರೆ, ಬಾಯೊಳಗಿನ ಫೋಟೊ ತೆಗೆಯೋಕೆ ಇಷ್ಟು ಒದ್ದಾಟ ಯಾಕೆ ಅಂತ. ನನ್ನ ಸೋದರಮಾವನ ಎಡಗೆನ್ನೆಯ ಒಳಗೆ ಒಂದು ಹುಣ್ಣಾಗಿತ್ತು. ಮೊದಲು ಮೆಡಿಕಲ್ ಶಾಪಿನ ಜೆಲ್. ಆಮೇಲೆ ಉಷ್ಣ ಅಂತ ಬಿ ಕಾಂಪ್ಲೆಕ್ಸ್ ಮಾತ್ರೆ, ಮಜ್ಜಿಗೆ, ಎಳನೀರು. ಆಮೇಲೆ ಹಲ್ಲು ತಾಗಿ ಹೀಗಾಗ್ತಿದೆ ಅಂತ ಒಂದು ದವಡೆ ಹಲ್ಲು ಕಿತ್ತರು. ಕೊನೆಗೆ ಬೆಂಗಳೂರಿನ ಕಿದ್ವಾಯಿಯಲ್ಲಿ ತುಂಡು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಅಂತ ಹೇಳೋ ಹೊತ್ತಿಗೆ ಐದು ತಿಂಗಳು ಆಗಿತ್ತು. ಆ ಐದು ತಿಂಗಳಲ್ಲಿ ಐದು ಜನ ಅವರ ಬಾಯಿ ನೋಡಿದ್ದರು. ಯಾರೂ ಎರಡನೇ ಸಲ ನೋಡಿರಲಿಲ್ಲ. ಪ್ರತಿಯೊಬ್ಬರಿಗೂ ಅದು ಅವತ್ತು ಶುರುವಾದ ಹುಣ್ಣು.

ಸಾಮಾನ್ಯ ಬಾಯಿಹುಣ್ಣು ಹತ್ತು ಹದಿನಾಲ್ಕು ದಿನದಲ್ಲಿ ತಾನೇ ಮಾಯುತ್ತೆ. ಎರಡು ವಾರ ಕಳೆದರೂ ಮಾಯದಿದ್ದರೆ ತಜ್ಞರಿಗೆ ತೋರಿಸಲೇಬೇಕು. ಮೂವತ್ತು ದಾಟಿದ ಎಲ್ಲರಿಗೂ ಆಶಾ ಕಾರ್ಯಕರ್ತೆಯರು ತುಂಬುವ, ಕಾಯಿಲೆಯ ಅಪಾಯ ಅಂದಾಜಿಸೋ ಸಿಬ್ಯಾಕ್ ಫಾರಮ್ಮಿನಲ್ಲೂ ಇದೇ ಪ್ರಶ್ನೆ ಇದೆ: ಎರಡು ವಾರದಲ್ಲಿ ವಾಸಿಯಾಗದ ಹುಣ್ಣು, ಮಚ್ಚೆ, ಗಂಟು ಇದೆಯಾ? ಒಳ್ಳೆಯ ಪ್ರಶ್ನೆ. ಆದರೆ "ಯಾವಾಗಿಂದ?" ಅಂತ ನಮ್ಮ ಕಡೆ ಕೇಳಿದರೆ "ಮೊನ್ನೆ ಮೊನ್ನೆಯಿಂದ" ಅಂತಾರೆ. ಆ ಮೊನ್ನೆ ಅಡಿಕೆ ಕೊಯ್ಲಿನ ಹೊತ್ತಿಗೂ ಆಗಿರಬಹುದು, ದೀಪಾವಳಿಗೂ ಆಗಿರಬಹುದು. ತಾರೀಕು ಹಾಕಿದ ಒಂದು ಫೋಟೊ, ಹದಿನೈದನೇ ದಿನ ಅದೇ ಜಾಗದ ಇನ್ನೊಂದು ಫೋಟೊ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಆರೋಗ್ಯ ಕೇಂದ್ರದ ಡಾಕ್ಟ್ರಿಗೆ ನಿರ್ಧಾರ ಮಾಡೋಕೆ ಒಂದು ನಿಮಿಷ ಸಾಕು. ನಾನು ಕಟ್ಟುತ್ತಿರೋದು ಅಷ್ಟೇ.

ಫೋಟೊ ನೋಡಿ ರೋಗ ಗುರುತಿಸೋಕೆ ಎಐ ಸೇರಿಸಿ ಅಂತ ಪ್ರತಿ ಕಂತಿಗೂ ಯಾರಾದರೂ ಬರೆಯುತ್ತೀರಿ. ಅದಕ್ಕೆ ಪಳಗಿದ ಕಣ್ಣೇ ಸಾಕು ಅಂತ ನನ್ನ ಲೆಕ್ಕ. ತಿರುವನಂತಪುರದಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರೀ ಕಣ್ಣಲ್ಲಿ ಬಾಯಿ ನೋಡಿದ್ದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಕಡಿಮೆಯಾಗಿತ್ತು. ನಮ್ಮ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಕಣ್ಣು ನನ್ನ ಯಾವ ಕೋಡಿಗಿಂತಲೂ ಚುರುಕು. ಅವರಿಗೆ ಬೇಕಿರೋದು ಹದಿನೈದು ದಿನ ಮರೆಯದ ನೆನಪು.

ಹೋದ ವರ್ಷ 405 ನ್ಯಾನೊಮೀಟರ್ ನೇರಳೆ ಬೆಳಕಿನಲ್ಲಿ ಆಟ ಆಡಿದ್ದು ಹಳಬರಿಗೆ ನೆನಪಿರಬಹುದು. ಆ ಬೆಳಕು ಬಿಟ್ಟು ಹಳದಿ ಫಿಲ್ಟರಿನಲ್ಲಿ ನೋಡಿದರೆ ಆರೋಗ್ಯವಂತ ಒಳಚರ್ಮ ಹಸಿರಾಗಿ ಬೆಳಗುತ್ತೆ, ಕೆಟ್ಟ ಜಾಗ ಕಪ್ಪಾಗಿ ಕಾಣುತ್ತೆ. ನೋಡೋಕೆ ತುಂಬ ಚೆಂದ. ಆದರೆ ಎಲೆಅಡಿಕೆ ಹಾಕಿ ಕೆಂಪಾದ, ಊದಿದ ಜಾಗವೂ ಕಪ್ಪಾಗೇ ಕಾಣುತ್ತೆ, ಯಾಕಂದರೆ ರಕ್ತ ಆ ನೇರಳೆಯನ್ನೇ ಚೆನ್ನಾಗಿ ಹೀರುತ್ತೆ. ಅರ್ಧ ಊರನ್ನು ತಪಾಸಣೆಗೆ ಶಿವಮೊಗ್ಗಕ್ಕೆ ಕಳಿಸಬೇಕಾಗುತ್ತಿತ್ತು. ಬಿಳಿ ಬೆಳಕಿಗೇ ವಾಪಸ್ ಬಂದೆ.

ಬಿಳಿ ಬೆಳಕಿಗೆ ಬಂದ ಕೂಡಲೇ ಶುರುವಾಗಿದ್ದು ಹೊಳಪು. ಬಾಯೊಳಗೆ ಎಲ್ಲ ಕಡೆ ಎಂಜಲು, ಎಂಜಲು ಅಂದರೆ ಕನ್ನಡಿ. ಲೆನ್ಸಿನ ಸುತ್ತ ಎಷ್ಟು ಎಲ್‌ಇಡಿ ಇಟ್ಟರೆ ಅಷ್ಟು ಬಿಳಿ ಚುಕ್ಕೆ. ಬೇರೆ ಯಾವುದೋ ಫೋಟೊ ಆಗಿದ್ದರೆ ಸಹಿಸಬಹುದಿತ್ತು. ಇಲ್ಲಿ ನಾವು ಹುಡುಕೋದೇ ಬಿಳಿ ಮಚ್ಚೆ. ಲ್ಯೂಕೋಪ್ಲೇಕಿಯಾ ಅನ್ನೋದು ಉಜ್ಜಿದರೂ ಹೋಗದ ಬಿಳಿ ಪದರ. ಒಬ್ಬರದೇ ಕೆನ್ನೆಯನ್ನು ಎರಡು ನಿಮಿಷದ ಅಂತರದಲ್ಲಿ ಎರಡು ಸಲ ತೆಗೆದೆ. ಹೊಳಪು ಒಂದಿಷ್ಟು ಜರುಗಿತ್ತು, ಎರಡನೇ ಫೋಟೊದಲ್ಲಿ ಮಚ್ಚೆ ಬೆಳೆದ ಹಾಗೆ ಕಂಡಿತು. ಎರಡು ನಿಮಿಷದಲ್ಲಿ ಬೆಳೆಯೋ ಮಚ್ಚೆ ತೋರಿಸುವ ಕ್ಯಾಮೆರಾ ಹದಿನೈದು ದಿನದ ಹೋಲಿಕೆಗೆ ಏನು ಪ್ರಯೋಜನ?

ಪರಿಹಾರ ನಿಮಗೆಲ್ಲ ಗೊತ್ತಿರೋದೇ, ಕ್ರಾಸ್ ಪೋಲರೈಸೇಷನ್. ಒಂದೇ ದಿಕ್ಕಿನಲ್ಲಿ ಅದುರೋ ಬೆಳಕನ್ನಷ್ಟೇ ಬಿಡೋ (ಲೀನಿಯರ್) ಫಿಲ್ಮು ಎಲ್‌ಇಡಿ ಮೇಲೊಂದು, ಲೆನ್ಸಿನ ಮೇಲೆ 90 ಡಿಗ್ರಿ ತಿರುಗಿಸಿದ ಇನ್ನೊಂದು. ಎಂಜಲಿಗೆ ಬಡಿದು ಬಂದ ಹೊಳಪು ಮೊದಲಿನ ದಿಕ್ಕಿನಲ್ಲೇ ಅದುರೋದರಿಂದ ಎರಡನೇ ಫಿಲ್ಮು ಅದನ್ನು ತಡೆಯುತ್ತೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಒಡೆದ ಮಾನಿಟರಿನ ಫಿಲ್ಮು ಸುಲಿದು ಮಾಡಿದೆ. ಮೇಜಿನ ಮೇಲೆ ಒದ್ದೆ ಟೊಮೆಟೊ ಇಟ್ಟು ಪರೀಕ್ಷೆ. ನಮ್ಮನೆಯವಳು ಬಂದು ನೋಡಿ, "ಟೊಮೆಟೊಗೆ ಎಷ್ಟನೇ ಸ್ಟೇಜು?" ಅಂದಳು. ಟೊಮೆಟೊ ಗುಣವಾಯ್ತು. ಆದರೆ ಕ್ಲಿಪ್ ಬಿಚ್ಚಿ ಹಾಕಿದಾಗಲೆಲ್ಲ ಕೋನ ಸ್ವಲ್ಪ ತಪ್ಪೋದು, ಹೊಳಪು ಇಣುಕೋದು. ಎಲ್‌ಇಡಿಯ ಪ್ರತಿಬಿಂಬ ಎಷ್ಟು ಪ್ರಖರ ಅಂದರೆ ನೂರರಲ್ಲಿ ಒಂದು ಪಾಲು ಸೋರಿದರೂ ಫೋಟೊ ಹಾಳು.

ಅಕ್ಷ ಗುರುತು ಮಾಡಿದ ಹೊಸ ಲೀನಿಯರ್ ಫಿಲ್ಮಿಗೆ ಆರ್ಡರ್ ಹಾಕಿದೆ. ಹತ್ತೊಂಬತ್ತು ದಿನ ಕಾಯಿಸಿದರು. ಬಂದ ಫಿಲ್ಮನ್ನ ಲ್ಯಾಪ್‌ಟಾಪ್ ಪರದೆ ಮುಂದೆ ತಿರುಗಿಸಿದರೆ ಕಪ್ಪಾಗುತ್ತೆ, ಮಗುಚಿ ತಿರುಗಿಸಿದರೆ ಕಪ್ಪಾಗೋದೇ ಇಲ್ಲ. ಲೀನಿಯರ್ ಬದಲು ಬೆಳಕನ್ನು ಸುರುಳಿ ಸುತ್ತಿಸೋ ಸರ್ಕ್ಯುಲರ್ ಫಿಲ್ಮ್ ಕಳಿಸಿದ್ದಾರೆ! ಫೋನ್ ಮಾಡಿದರೆ "ಪ್ಯಾಕೆಟ್ ಒಡೆದಿದ್ದೀರಿ ಸಾರ್, ವಾಪಸ್ ಇಲ್ಲ". ಪ್ಯಾಕೆಟ್ ಒಡೆಯದೆ ಒಳಗೇನಿದೆ ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದೆ, ಲೈನ್ ಕಟ್ಟಾಯ್ತು. ಹೊಟ್ಟೆ ಉರಿದುಹೋಯ್ತು.

ಕೋಪದಲ್ಲಿ ಆ ತುಂಡನ್ನ ಬಚ್ಚಲುಮನೆ ಕನ್ನಡಿ ಮುಂದಿನ ಹಲಗೆ ಮೇಲೆ ಎಸೆದಿದ್ದೆ. ಬೆಳಗ್ಗೆ ಹಲ್ಲುಜ್ಜುವಾಗ ತೆಗೆದು ಸುಮ್ಮನೆ ಕನ್ನಡಿಗೆ ಒತ್ತಿ ಹಿಡಿದೆ. ಒಂದು ಮಗ್ಗುಲಲ್ಲಿ ಏನೂ ಆಗಲಿಲ್ಲ, ಮಸುಕು ಗಾಜಿನ ಹಾಗೆ. ಮಗುಚಿ ಹಿಡಿದೆ. ಕನ್ನಡಿಯಲ್ಲಿ ಆ ತುಂಡಿನಷ್ಟು ಜಾಗ ಕಪ್ಪಾಯ್ತು, ಅಂಚಲ್ಲಿ ಸ್ವಲ್ಪ ನೇರಳೆ. ತಿರುಗಿಸಿದೆ, ಕಪ್ಪೇ. ಯಾವ ಕೋನದಲ್ಲಿ ತಿರುಗಿಸಿದರೂ ಕಪ್ಪೇ. ಬ್ರಷ್ ಬಾಯಲ್ಲೇ ಇತ್ತು.

ಬಲಗೈ ತಿರುಪನ್ನು ಕನ್ನಡಿಗೆ ಹಿಡಿದರೆ ಎಡಗೈ ತಿರುಪಾಗಿ ಕಾಣುತ್ತಲ್ಲ, ಹಾಗೇ ಇದೂ. ಸರ್ಕ್ಯುಲರ್ ಫಿಲ್ಮ್ ದಾಟಿದ ಬೆಳಕು ಒಂದು ಕಡೆಗೆ ಸುರುಳಿ ಸುತ್ತಿಕೊಂಡು ಹೋಗುತ್ತೆ. ಕನ್ನಡಿಗೋ ಎಂಜಲಿಗೋ ನೇರ ಬಡಿದು ವಾಪಸ್ ಬಂದಾಗ ಸುರುಳಿ ಉಲ್ಟಾ ಆಗಿರುತ್ತೆ, ಅದೇ ಫಿಲ್ಮು ಅದನ್ನು ಒಳಗೆ ಬಿಡೋದಿಲ್ಲ. ಚರ್ಮದೊಳಗೆ ಇಳಿದು ಚೆದುರಿ ಬರೋ ಬೆಳಕಿಗೆ ಸುರುಳಿಯೇ ಉಳಿದಿರಲ್ಲ, ಅದರಲ್ಲಿ ಅರ್ಧ ಒಳಗೆ ಬರುತ್ತೆ. ನಮಗೆ ಬೇಕಿರೋ ಬಣ್ಣ ಅದೇ. ಎಲ್‌ಇಡಿ ಲೆನ್ಸಿನ ಪಕ್ಕದಲ್ಲೇ ಇರೋದರಿಂದ ಕ್ಯಾಮೆರಾಗೆ ಕಾಣೋ ಹೊಳಪೆಲ್ಲ ಹೆಚ್ಚುಕಡಿಮೆ ನೇರ ಬಡಿದು ಬಂದದ್ದೇ. ಕೋನ ಜೋಡಿಸೋ ತಲೆನೋವೇ ಇಲ್ಲ! ತಪ್ಪು ಮಾಲು ಕಳಿಸಿದ ಆ ಪುಣ್ಯಾತ್ಮನಿಗೆ ಅವತ್ತು ಮನಸ್ಸಲ್ಲೇ ಕೈಮುಗಿದೆ. ಲೈನ್ ಕಟ್ ಮಾಡಿದ್ದನ್ನ ಮಾತ್ರ ಇನ್ನೂ ಕ್ಷಮಿಸಿಲ್ಲ.

ಮಾಡುವವರಿಗೆ ಎರಡು ಮಾತು. ಒಂದೇ ಹಾಳೆಯನ್ನು ಎಲ್‌ಇಡಿಗೂ ಲೆನ್ಸಿಗೂ ಸೇರಿಸಿ ಹೊದಿಸಬೇಡಿ. ಎಲ್‌ಇಡಿ ಬೆಳಕು ಹಾಳೆಯ ಹಿಂಬದಿಗೇ ಬಡಿದು ಲೆನ್ಸಿಗೆ ನುಗ್ಗಿ ಫೋಟೊ ಮಬ್ಬಾಗುತ್ತೆ. ಎರಡು ತುಂಡು ಮಾಡಿ, ನಡುವೆ ಕಪ್ಪು ಗೋಡೆ ಕೊಡಿ. ಹೋಗುವಾಗ ಅರ್ಧ, ಬರುವಾಗ ಅರ್ಧ ಅಂತ ಕಾಲು ಭಾಗ ಬೆಳಕೂ ಉಳಿಯಲ್ಲ, ಹಾಗಾಗಿ ನಾಲ್ಕು ಎಲ್‌ಇಡಿ ಎಂಟಾಗಿದೆ.

ಖುಷಿಯಲ್ಲಿ ಉಪಕೇಂದ್ರಕ್ಕೆ ಹೋದೆ. ಮೊದಲ ಫೋಟೊದಲ್ಲೇ ಹೊಳಪು ವಾಪಸ್, ಜೊತೆಗೆ ಕಾಮನಬಿಲ್ಲಿನ ಪಟ್ಟೆ. ಮನೇಲಿ ಸರಿ ಇತ್ತು, ಅಲ್ಲಿ ಇಲ್ಲ. ಮತ್ತೆ ಮನೆಗೆ ತಂದರೆ ಸರಿ. ಹನ್ನೊಂದು ದಿನ ತಲೆ ಕೆಡಿಸಿಕೊಂಡೆ. ಫಿಲ್ಮ್ ಬಿಸಿಗೆ ಹಾಳಾಯ್ತಾ, ಅಲ್ಲಿನ ಟ್ಯೂಬ್‌ಲೈಟಾ, ಮೇಡಂ ಫೋನ್ ಬೇರೆ ಅಂತಲಾ? ಎಲ್‌ಇಡಿ ಬದಲಿಸಿದೆ, ಕಪ್ಪು ಗೋಡೆ ದಪ್ಪ ಮಾಡಿದೆ. ನಿನ್ನೆ ರಾತ್ರಿ ಊಟ ಆದಮೇಲೆ ಉಳಿದ ಪಲ್ಯದ ಬಟ್ಟಲಿಗೆ ಕ್ಲಿಂಗ್ ಫಿಲ್ಮ್ ಎಳೆದು ಸುತ್ತುವಾಗ ಕೈ ಅಲ್ಲೇ ನಿಂತುಬಿಟ್ಟಿತು. ಉಪಕೇಂದ್ರದಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಸೋಂಕು ಹೋಗಬಾರದು ಅಂತ ಪ್ರತಿ ಸಲ ಸಾಧನಕ್ಕೆ ಹೊಸ ಕ್ಲಿಂಗ್ ಫಿಲ್ಮ್ ಸುತ್ತುತ್ತಿದ್ದೆವು. ಮನೆಯಲ್ಲಿ ಸುತ್ತುತ್ತಿರಲಿಲ್ಲ.

ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ಕು ಬೆಳಕಿನ ಸುರುಳಿಯನ್ನು ತನಗೆ ಬೇಕಾದ ಹಾಗೆ ತಿರುಚಿಬಿಡುತ್ತೆ. ಲ್ಯಾಪ್‌ಟಾಪ್ ಪರದೆ, ಎಳೆದ ಕ್ಲಿಂಗ್ ಫಿಲ್ಮು, ಮಾನಿಟರಿನಿಂದ ಸುಲಿದ ತುಂಡು, ಮೂರನ್ನೂ ಒಂದರ ಮುಂದೊಂದು ಹಿಡಿದೆ. ಬಣ್ಣ ಬಣ್ಣ! ಸೆಲ್ಲೊ ಟೇಪಿನಲ್ಲಿ ಈ ಆಟ ನೀವೆಲ್ಲ ಆಡಿರುತ್ತೀರಿ. ಗಾಜಿಗೆ ಆ ಚಾಳಿ ಇಲ್ಲ. ಮೈಕ್ರೊಸ್ಕೋಪಿನ ಒಂದು ಗಾಜಿನ ಸ್ಲೈಡು ಕತ್ತರಿಸಿ, ಅಂಚು ಉಜ್ಜಿ, ಫಿಲ್ಮಿನ ಮುಂದೆ ಅಂಟಿಸಿದೆ. ಈಗ ಕಿಟಕಿ ಗಾಜು, ಪ್ರತಿ ರೋಗಿಯ ನಂತರ ಸ್ಪಿರಿಟ್ಟಿನಲ್ಲಿ ಒರೆಸಬಹುದು. ಕ್ಲಿಂಗ್ ಫಿಲ್ಮ್ ಹಿಡಿಕೆಗೆ ಮಾತ್ರ. ಹನ್ನೊಂದೂವರೆಗೆ ನನ್ನದೇ ಕೆನ್ನೆಯ ಫೋಟೊ ತೆಗೆದೆ, ಒಂದು ಚುಕ್ಕೆ ಬಿಳಿ ಇಲ್ಲ. ನೀಲಿ ನರಗಳು ಕೂಡ ಎಣಿಸೋ ಹಾಗೆ ಕಾಣ್ತಿವೆ.

ಬೆಳಗ್ಗೆ ಪರಿಚಯದ ದಂತವೈದ್ಯೆಗೆ ಕಳಿಸಿದೆ. ಅವರು ಒಂದು ಮಾತು ಹೇಳಿದರು, ನಾನು ಯೋಚನೆಯೇ ಮಾಡಿರದ ಮಾತು: "ಹೊಳಪು ಪೂರ್ತಿ ಹೋದರೆ ಮೇಲ್ಮೈ ನಯವೋ ಒರಟೋ ಗೊತ್ತಾಗಲ್ಲ. ಒರಟಾದ, ಉಬ್ಬುತಗ್ಗಿನ ಮಚ್ಚೆಗೆ ನಾವು ಹೆಚ್ಚು ಹೆದರೋದು." ಹಾಗಾದರೆ ಎರಡೂ ಬೇಕು. ಗಾಜಿನ ಹಿಂದೆ ಲೆನ್ಸಿನ ಮುಂದಿನ ಫಿಲ್ಮು ಜಾರೋ ಹಾಗೆ ಒಂದು ಸೀಳು ಬಿಡ್ತಿದ್ದೀನಿ. ಒಳಗೆ ತಳ್ಳಿದರೆ ಬಣ್ಣ, ಹೊರಗೆ ಎಳೆದರೆ ಒರಟು. ಭಾನುವಾರದೊಳಗೆ ಆ ಭಾಗ 3ಡಿ ಪ್ರಿಂಟ್ ಆಗಬೇಕು.

ಪ್ರಿಂಟರ್ ಓಡ್ತಿರುವಾಗ ಮುಂದಿನ ಪ್ರಾಜೆಕ್ಟು ತಲೇಲಿ ಕೂತಿದೆ: ಮೆಟ್ಟಿಲಳತೆ. ನಮ್ಮದು ಅಡಿಕೆ ಸೀಮೆ, ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯೋದು ಕರ್ನಾಟಕವೇ. ತಂಬಾಕು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗೆ ನಾರುಗಟ್ಟಿ ಬಾಯಿ ತೆರೆಯೋದು ಕಮ್ಮಿ ಆಗ್ತಾ ಹೋಗುತ್ತೆ, ಅದು ಕ್ಯಾನ್ಸರಿಗೆ ಮುಂಚಿನ ಸ್ಥಿತಿ. ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗುತ್ತಾ ಅಂತ ನೋಡೋದು ಹಳೇ ಪದ್ಧತಿ, ಆದರೆ ಯಾರ ಬೆರಳು? ಐದೈದು ಮಿ.ಮೀ.ಗೆ ಒಂದು ಮೆಟ್ಟಿಲಿರೋ ಮರದ ಬೆಣೆ ಮಾಡಿ, ಕಚ್ಚಿದ ಮೆಟ್ಟಿಲಿನ ನಂಬರನ್ನು ತಾರೀಕಿನ ಜೊತೆ ಬರೆದಿಟ್ಟರೆ ಆರು ತಿಂಗಳ ನಂತರ ಹೋಲಿಸಬಹುದು. ಹಲಸಿನ ಮರದ ತುಂಡು ಬೇಕಾದಷ್ಟಿದೆ. ಬಾಯಿಗೆ ಹಾಕೋ ಮರಕ್ಕೆ ಯಾವ ಪಾಲಿಶ್ ಸುರಕ್ಷಿತ ಅಂತ ಗೊತ್ತಿರೋರು ಬರೆಯಿರಿ.

ಇನ್ನೊಂದು ವಿಷಯ ಇದೆ. ಹೋದ ವಾರ, ಹೊಳಪು ವಾಪಸ್ ಬಂದಿದ್ದ ದಿನಗಳಲ್ಲೇ, ಅಡಿಕೆ ಸುಲಿಯಲು ಹೋಗೋ ಒಬ್ಬ ಅಮ್ಮ ಬಂದಿದ್ದರು. ನಾಲಿಗೆಯ ಬಲ ಅಂಚಲ್ಲಿ ಕಾಳುಮೆಣಸಿನಷ್ಟು ಹುಣ್ಣು, ಎದುರಿಗೇ ಮುರಿದ ಚೂಪು ಹಲ್ಲು. ಹಲ್ಲಿನ ಅಂಚು ಉಜ್ಜಿಸಿದ್ದಾರೆ, ಎರಡು ವಾರ ಬಿಟ್ಟು ನೋಡಬೇಕು. ಅವರ ಒಪ್ಪಿಗೆ ಪಡೆದು, ಮುಖ ಕಾಣದ ಹಾಗೆ, ಪಕ್ಕದಲ್ಲಿ ಅಳತೆ ಕಡ್ಡಿ ಇಟ್ಟು ಫೋಟೊ ತೆಗೆದೆವು. ಹೊಳಪು ಇದೆ, ಪಟ್ಟೆ ಇದೆ, ಆದರೂ ಹುಣ್ಣಿನ ಅಂಚು ಸ್ಪಷ್ಟ ಇದೆ, ಅಳತೆ ಸಿಗುತ್ತೆ. ಮುಂದಿನ ಗುರುವಾರಕ್ಕೆ ಹದಿನೈದನೇ ದಿನ. ಅವರಿಗೆ ಅವತ್ತು ಕೂಲಿ ತಪ್ಪುತ್ತೆ ಅಂತ ಆಶಾ ಅಕ್ಕ ಸಂಜೆ ಐದರ ಮೇಲೆ ಬರೋಕೆ ಹೇಳಿದ್ದಾರೆ, ಸಿಎಚ್‌ಒ ಮೇಡಂ ಕೂತಿರ್ತೀನಿ ಅಂದಿದ್ದಾರೆ. ನಾನು ನಾಲ್ಕಕ್ಕೇ ಹೋಗಿ ಗಾಜು ಒರೆಸಿ ಬ್ಯಾಟರಿ ಚಾರ್ಜ್ ನೋಡಿಕೊಳ್ಳಬೇಕು.